ತೇಲುವ ಇಟ್ಟಂಗಿ

ಚಿಕ್ಕೋಡಿಯಲ್ಲಿ ಏಳು ಅಂತಸ್ತಿನ ಹೊಸ ಕಟ್ಟಡ ಎದ್ದಿದೆಯಲ್ಲ, ಅದನ್ನು ನಾನು ಈ ವಯಸ್ಸಿನಲ್ಲಿ ಒಂದೇ ಉಸಿರಿಗೆ ಹತ್ತಿದ್ದೇನೆ. ಮೇಲೆ ನಿಂತು, ನಮ್ಮ ಉಗಾರದ ಹೊಳೆಯಲ್ಲಿ ಮೈ ತೊಳೆಯುವ ಎಮ್ಮೆಗಳ ಕೊಂಬು ಎಣಿಸಿ ಬಂದಿದ್ದೇನೆ. ಇದರಲ್ಲಿ ಅರ್ಧ ಸುಳ್ಳು. ಹತ್ತಿದ್ದು ಲಿಫ್ಟಿನಲ್ಲಿ. ಎಮ್ಮೆ ಕಾಣಿಸಲಿಲ್ಲ. ಉಸಿರು ಮಾತ್ರ ಒಂದೇ, ಯಾಕೆಂದರೆ ಲಿಫ್ಟು ನಿಲ್ಲುವ ತನಕ ಹೆದರಿಕೆಗೆ ನಾನು ಅದನ್ನು ಹೊರಗೆ ಬಿಟ್ಟೇ ಇರಲಿಲ್ಲ. ಉಳಿದರ್ಧ ನಿಜ. ಆ ನಿಜವೆಲ್ಲ ನಮ್ಮ ಓಣಿಯ ದಶರಥನ ಫಜೀತಿ.

ದಶರಥ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ. ಬಿ.ಕಾಂ. ಓದಿದವನು. ಟ್ರ್ಯಾಕ್ಟರಿನ ಕಬ್ಬನ್ನು ದೂರದಿಂದ ನೋಡಿಯೇ ತೂಕ ಹೇಳುತ್ತಾನೆ, ಆದರೆ ತನ್ನ ಮನಸ್ಸು ಯಾವ ಕಡೆ ವಾಲಿದೆ ಎಂದು ತೂಗಲು ಅವನಿಗೆ ಬರುವುದಿಲ್ಲ. ಎದುರಿಗಿದ್ದವರು ಹಗಲು ಎಂದರೆ ಹಗಲು, ರಾತ್ರಿ ಎಂದರೆ ಹಾಸಿಗೆ ಹಾಸುವ ಜಾತಿ.

ಅವನ ಹೆಂಡತಿ ದ್ರೌಪದಿಗೆ ಇದ್ದದ್ದು ಒಂದೇ ಆಸೆ: ಬಾಗಿಲಿರುವ ಮನೆ. ಈಗಿನ ಮನೆಗೆ ಬಾಗಿಲಿಲ್ಲವೇ ಎಂದರೆ, ಇದೆ. ಮುಂದೊಂದು, ಹಿಂದೊಂದು. ಮುಂದಿನದರಿಂದ ಓಣಿಯ ಲಗಮಣ್ಣ ಬಂದರೆ ಹಿಂದಿನದರಿಂದ ನೆರೆಮನೆಯ ಕಾಳವ್ವ ಬರುತ್ತಾಳೆ. ಇಬ್ಬರೂ ಅಡುಗೆಮನೆಯಲ್ಲಿ ಸೇರಿ ಗಡಿಗೆಯ ಮುಚ್ಚಳ ತೆಗೆಯುತ್ತಾರೆ. ದ್ರೌಪದಿ ಪಲ್ಯಕ್ಕೆ ಉಪ್ಪು ಹಾಕುವ ಮೊದಲೇ ಕಾಳವ್ವ ಉಪ್ಪು ಜಾಸ್ತಿಯಾಯಿತು ಎಂದಿರುತ್ತಾಳೆ. ಮದುವೆಯಾದಾಗಿನಿಂದ ಗಂಡ ಹೆಂಡತಿ ಒಂದು ಜಗಳವನ್ನೂ ಕೊನೆಯ ತನಕ ತಾವೇ ಆಡಿಲ್ಲ. ಅರ್ಧಕ್ಕೆ ಬಂದಾಗ ಓಣಿಯವರು ಇಸಿದುಕೊಂಡು ಮುಗಿಸಿದ್ದಾರೆ.

"ಫ್ಲ್ಯಾಟ್ ಹಿಡೀರಿ," ಎಂದಿದ್ದಳು ದ್ರೌಪದಿ. "ಬಾಗಲಾ ಹಾಕಿದ್ರ ಹಾಕಿದಂಗ ಇರಬೇಕು. ಇಲ್ಲಂದ್ರ ನಾ ಐಗಳಿಗೆ, ನಮ್ಮ ತವರಮನಿಗಿ ಹೋಗ್ತೀನಿ. ಅಲ್ಲಿ ಕೇಳದ ಒಳಗ ಬರೂದು ನಾಯಿ ಅಷ್ಟ."

ಚಿಕ್ಕೋಡಿಯ ಕಟ್ಟಡದಲ್ಲಿ ಐದನೆಯ ಅಂತಸ್ತಿನ ಒಂದು ಮನೆಯನ್ನು ಇವತ್ತು ಸಂಜೆಯ ತನಕ ಇವನಿಗಾಗಿ ತಡೆದಿಡುತ್ತೇನೆ ಎಂದು ಅಲ್ಲಿನ ಇಂಜಿನಿಯರ್ ವಿಕ್ರಾಂತ ಹೇಳಿದ್ದ. ದಶರಥ ಯಾರಿಗೂ ತಿಳಿಯದಂತೆ ಹೋಗಿ, ಹೆಸರು ಬರೆಸಿ ಬಂದಿದ್ದರೆ ಕತೆಯೇ ಇರುತ್ತಿರಲಿಲ್ಲ. ಕೆಡಿಸಿದ್ದು ಒಂದು ಇಟ್ಟಂಗಿ.

ಗೋಡೆಗೆ ಏನು ಹಾಕಿದ್ದಾರೆ ಎಂದು ಹೆಂಡತಿ ನೋಡಲಿ ಅಂತ ಅವನು ಅಲ್ಲಿಂದ ಒಂದು ಬಿಳಿ ಇಟ್ಟಂಗಿ ತಂದು ಮಂಚದ ಕೆಳಗೆ ಇಟ್ಟಿದ್ದ. ಬೆಳಿಗ್ಗೆ ಕಾಳವ್ವ ಮೊಸರಿಗೆ ಹೆಪ್ಪು ಕೇಳಲು ಬಂದಳು. ಹೆಪ್ಪು ಇರುವುದು ಒಲೆಯ ಹತ್ತಿರ. ಅವಳ ಕಣ್ಣು ಹೋದದ್ದು ಮಂಚದ ಕೆಳಗೆ.

"ಏನೋ ತಮ್ಮಾ ಇದು? ಇಷ್ಟ ದೊಡ್ಡ ಪನೀರ ಯಾರ ಕೊಟ್ರು?"

"ಇಟ್ಟಂಗಿ ಅತ್ತಿ."

"ಇಟ್ಟಂಗಿ? ಮತ್ತ ಹಿಂಗ್ಯಾಕ ಬೆಳ್ಳಗಾಗೈತಿ? ಜಡ್ಡ ಬಂದೈತೇನ ಅದಕ?"

ಇಟ್ಟಂಗಿ ಎಂದ ಮೇಲೆ ಭಾರ ಇರುತ್ತದೆ ಎಂದು ಕಾಳವ್ವ ಸೊಂಟ ಕಟ್ಟಿ, ಹಲ್ಲು ಕಚ್ಚಿ ಎತ್ತಿದಳು. ಅದು ಹತ್ತಿಯ ಗಂಟಿನ ಹಾಗೆ ಮೇಲೆ ಹಾರಿತು, ಅವಳು ಕೆಳಗೆ ಕೂತಳು. ಅವಳು ಕೂಗಿದ ಕೂಗಿಗೆ ಹೊಳೆಯ ಆಚೆ ದಂಡೆಯಿಂದಲೂ ಜನ ಬರಬೇಕಿತ್ತು. ಓಣಿಯವರಷ್ಟೇ ಬಂದರು.

ಮೊದಲು ಬಂದವನು ಲಗಮಣ್ಣ. ಕಬ್ಬು, ದ್ರಾಕ್ಷಿ ಎರಡೂ ಇರುವ ದೊಡ್ಡ ರೈತ, ಅವನಿಗಿಂತ ಅವನ ಮೀಸೆ ಎರಡು ಹೆಜ್ಜೆ ಮುಂದೆ ಬರುತ್ತದೆ. ಇಟ್ಟಂಗಿಯನ್ನು ಬೆರಳಿನಿಂದ ಬಾರಿಸಿದ, ಮೂಸಿದ, ಕೊನೆಗೆ ನಾಲಿಗೆಯ ತುದಿ ಮುಟ್ಟಿಸಿದ.

"ಸಪ್ಪಗ ಐತಿ," ಎಂದು ತೀರ್ಪು ಕೊಟ್ಟ. "ನೀರ ಎಷ್ಟ ಕುಡಿತೈತಿ ನೋಡೂಣು ತಡಿ."

ತಂದು ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಹಾಕಿದ. ಇಟ್ಟಂಗಿ ಒಮ್ಮೆ ಮುಳುಗಿದಂತೆ ಮಾಡಿ ಮೇಲೆ ಬಂದು, ಬಾತುಕೋಳಿಯ ಹಾಗೆ ಆರಾಮಾಗಿ ತೇಲತೊಡಗಿತು. ಓಣಿಯೆಲ್ಲ ಬಾನಿಯ ಮೇಲೆ ಬಗ್ಗಿತು. ಎಮ್ಮೆ ಕೂಡ ಮೂತಿ ಎತ್ತಿ ನೋಡಿತು.

"ರಾಮನ ಸೇತುವಿ ಕಲ್ಲು!" ಎಂದು ಕಾಳವ್ವ ಕೈ ಮುಗಿದಳು. "ದಶರಥನ ಮನಿಗಿ ಬರಲಾರದ ಮತ್ಯಾರ ಮನಿಗಿ ಬಂದೀತು? ಕುಂಕಮಾ ತರ್ರಿ!"

"ಕುಂಕಮಾ ಅಲ್ಲ, ಪೊಲೀಸ್ರನ್ನ ಕರಸ್ರಿ," ಎಂದ ಲಗಮಣ್ಣ. "ಇಂಥಾ ಇಟ್ಟಂಗಿಲೆ ಕಟ್ಟಿದ ಮನಿ ಹಿಡೀತೀ ಏನಲೇ ದಶರಥಾ? ಮಳಿಗಾಲದಾಗ ಹೊಳಿ ಬಂತಂದ್ರ ನಿನ್ನ ಗ್ವಾಡಿ ತೇಲಿ ಆಲಮಟ್ಟಿ ಡ್ಯಾಮಿಗಿ ಹೋಗಿ ನಿಲ್ಲತಾವು."

"ಕಾಕಾ, ಅದು ಚಿಕ್ಕೋಡ್ಯಾಗ ಐತ್ರಿ. ಅಲ್ಲಿ ಹೊಳಿ ಇಲ್ಲ."

"ಇವತ್ತಿಲ್ಲ," ಎಂದ ಲಗಮಣ್ಣ.

ಹೀಗೆ ಗುಟ್ಟು ರಟ್ಟಾಯಿತು. ಒಬ್ಬನೇ ಹೋಗಿ ಮನೆ ಹಿಡಿಯುವುದೆಂದರೇನು? ನಮ್ಮ ಕಡೆ ಒಂದು ಎಮ್ಮೆ ಕೊಳ್ಳಬೇಕಾದರೂ ನಾಲ್ಕು ಜನ ಹೋಗಿ ಹಲ್ಲು, ಸುಳಿ, ಬಾಲ ನೋಡಿ, ಬೇಡ ಎಂದು ಹೇಳಿ, ಆಮೇಲೆ ಕೊಳ್ಳುತ್ತೇವೆ. ರಿಟೈರ್ ಆದ ಬಸ್ ಕಂಡಕ್ಟರ್ ಬಾಳಾಸಾಬ ಆಗಲೇ ಬಾಡಿಗೆಯ ಕ್ರೂಜರ್ ಗಾಡಿಗೆ ಫೋನ್ ಮಾಡಿದ್ದ. ಅದು ಬಂದ ಕೂಡಲೇ ಬಾಗಿಲಲ್ಲಿ ನಿಂತು, "ಚಲಾ, ಪುಢೆ ಚಲಾ! ಹಿಂದ ಜಾಗಾ ಐತಿ, ಒತ್ತರಿಸ್ರಿ!" ಎಂದು ಬಸ್ಸಿನಲ್ಲಿ ಕೂಗುತ್ತಿದ್ದ ಅರ್ಧ ಮರಾಠಿಯಲ್ಲೇ ಕೂಗಿ ಓಣಿಯ ಅರ್ಧ ಜನರನ್ನು ತುಂಬಿದ. ನನ್ನನ್ನೂ ತುಂಬಿದ. ನಾನೇನೂ ಕೇಳಿರಲಿಲ್ಲ, ಸೀರೆ ಮಾತ್ರ ಬದಲಿಸಿಕೊಂಡು ನಿಂತಿದ್ದೆ.

ದ್ರೌಪದಿ ಬರಲಿಲ್ಲ. ಗಂಡನ ಕಿವಿಯಲ್ಲಿ ಇಷ್ಟೇ ಹೇಳಿದಳು: "ಯಾರ ಮಾತೂ ಕೇಳಬ್ಯಾಡ್ರಿ. ಹೋಗೂದು, ಹೆಸರ ಬರಸೂದು, ಬರೂದು."

ದಶರಥ ತಲೆಯಾಡಿಸಿದ. ಆ ತಲೆ ಎಲ್ಲರಿಗೂ ಆಡುತ್ತದೆ ಎನ್ನುವುದೇ ತೊಂದರೆ.

ಚಿಕ್ಕೋಡಿಯಲ್ಲಿ ಇಂಜಿನಿಯರ್ ವಿಕ್ರಾಂತ ಕೊರಳಿಗೆ ಟೈ, ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡು ಒಬ್ಬ ಗಿರಾಕಿಗಾಗಿ ಕಾಯುತ್ತಿದ್ದ. ಗಾಡಿಯಿಂದ ನಾವು ಸಂತೆಯಲ್ಲಿ ಬುಟ್ಟಿ ಬೋರಲು ಹಾಕಿದಂತೆ ಸುರಿದದ್ದು ನೋಡಿ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

"ಎಲ್ಲಾರೂ ನಿಮ್ಮ ಮನ್ಯಾವ್ರೇನ್ರಿ ಸರ್?"

"ಅಲ್ಲ," ಎಂದ ದಶರಥ. "ಆದ್ರ ಎಲ್ಲಾರೂ ನಮ್ಮ ಮನ್ಯಾಗ ಇರ್ತಾರ."

ಗಿರಾಕಿಗಳಿಗೆ ತೋರಿಸಲೆಂದು ಒಂದು ಮನೆಯನ್ನು ಮದುಮಗಳಂತೆ ಸಿಂಗರಿಸಿ ಇಟ್ಟಿದ್ದರು. ಒಳಗೆ ಕಾಲಿಡುವ ಮೊದಲೇ ಲಗಮಣ್ಣ ಬಾಗಿಲು ಬಡಿದ.

"ಟೊಳ್ಳ ಐತಿ! ನಮ್ಮ ಮನಿ ಬಾಗಲಾ ಸಾಗವಾನಿ. ಮೂರ ಮಂದಿ ಹಚ್ಚಿ ಹಾಕಬೇಕ ಅದನ್ನ."

"ಅದಕ್ಕ ಹುಟ್ಟಿದಾಗಿಂದ ಹಾಕೇ ಇಲ್ಲೇನೋ," ಎಂದು ದಶರಥ ಗೊಣಗಿದ.

ಲಗಮಣ್ಣನ ಕಿಸೆಯಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಕತ್ತರಿ ಯಾವಾಗಲೂ ಇರುತ್ತದೆ. ಅದರ ಮೊನೆಯನ್ನು ಹಜಾರದ ಗೋಡೆಗೆ ಒತ್ತಿದ. ಸರಕ್ಕನೆ ಒಳಗೆ ಹೋಯಿತು.

"ಬೆಣ್ಣಿ! ಇದು ಗ್ವಾಡಿ ಅಲ್ಲ, ಬೆಣ್ಣಿ!"

"ಕಾಕಾ, ಕೈ ಮುಗೀತೀನಿ, ಚುಚ್ಚಬ್ಯಾಡ್ರಿ," ಎಂದು ವಿಕ್ರಾಂತ ನಡುವೆ ಬಂದ. "ಕಟ್ಟಡದ ಭಾರ ಹೊರೂದು ಕಾಂಕ್ರೀಟ್ ಕಂಬ ರೀ. ಗ್ವಾಡಿ ಏನೂ ಹೊರೂದಿಲ್ಲ, ಸುಮ್ಮ ಅಡ್ಡ ನಿಂತಿರತೈತಿ."

"ನಮ್ಮ ಅಳಿಯಾನ ಹಂಗ ಅನ್ನು," ಎಂದಳು ಕಾಳವ್ವ.

"ಹಗರ ಇದ್ದಷ್ಟೂ ಛಲೋರಿ. ಇಟ್ಟಂಗ್ಯಾಗ ಸಣ್ಣ ಸಣ್ಣ ತೂತ ಇರ್ತಾವು, ಅದರಾಗ ಗಾಳಿ. ಬ್ಯಾಸಗ್ಯಾಗ ಮನಿ ತಂಪ ಇರತೈತಿ."

"ಗಾಳಿ?" ಲಗಮಣ್ಣ ನಮ್ಮ ಕಡೆ ತಿರುಗಿದ. "ಕೇಳಿದ್ರ್ಯಾ? ಗಾಳಿ ಮಾರಾಕತ್ತಾರ! ನಮ್ಮ ಹೊಲದಾಗ ಪುಕ್ಕಟ ಬೀಸತೈತಿ. ಮನಿ ಅಂದ್ರ ಕೆಂಪ ಇಟ್ಟಂಗಿದ ಇರಬೇಕು, ಇಲ್ಲಾ ಕಲ್ಲಿಂದ ಇರಬೇಕು. ನಮ್ಮಪ್ಪನ ಮನಿ ಗ್ವಾಡಿ ಎರಡ ಮೊಳ ದಪ್ಪ!"

"ಅದರಾಗ ಒಂದೂವರಿ ಮೊಳ ಇಲಿ ಅದಾವು," ಎಂದ ಬಾಳಾಸಾಬ.

ಹೀಗೆ ಹೇಳಿ ಅವನು ಒಂದು ಹೆಜ್ಜೆ ಮುಂದಿಟ್ಟ. ಓಡುವ ಬಸ್ಸಿನಲ್ಲಿ ಇಡೀ ಜನ್ಮ ಕಂಬಿ ಹಿಡಿಯದೆ ನಿಂತವನು, ನಿಂತಲ್ಲೇ ನಿಂತ ಟೈಲ್ಸಿನ ಮೇಲೆ ಜಾರಿ, ಹಜಾರ ದಾಟಿ, ನೇರವಾಗಿ ಸೋಫಾದ ಮೇಲೆ ಹೋಗಿ ಕೂತ. ಕೂತಲ್ಲಿಂದಲೇ ಬಗ್ಗಿ ನೆಲ ನೋಡಿದ.

"ಇದು ನೆಲಾ ಅಲ್ಲೋ ಮಾರಾಯಾ, ಕನ್ನಡಿ! ಧೋತರಾ ಉಟಗೊಂಡಾಂವ ಮಾನಾ ಮುಚಗೊಂಡ ಹೆಂಗ ಅಡ್ಡಾಡಬೇಕು?"

ಕಾಳವ್ವ ಅಡುಗೆಮನೆಗೆ ನುಗ್ಗಿದ್ದಳು. ಕರಿ ಗ್ರಾನೈಟಿನ ಕಟ್ಟೆಯ ಮೇಲೆ ಹಿಟ್ಟಿಲ್ಲದೆಯೇ ರೊಟ್ಟಿ ಬಡಿದು ನೋಡಿದಳು. ಕಾಳವ್ವನ ಕೈ ಅಂದರೆ ಒನಕೆ. ಎರಡು ಏಟಿಗೆ ಕಪಾಟಿನ ಬಾಗಿಲು ತಾನಾಗಿ ತೆರೆಯಿತು. ನಾಲ್ಕನೆಯ ಏಟಿಗೆ ಕೆಳಗಿನ ಅಂತಸ್ತಿನಿಂದ ಬಣ್ಣ ಹಚ್ಚುವವನೊಬ್ಬ ಬ್ರಶ್ ಹಿಡಿದುಕೊಂಡೇ ಓಡಿ ಬಂದ. "ಭೂಕಂಪ ಆತೇನ್ರಿ?" ಎಂದು ಕೇಳಿದ.

ಈ ಗದ್ದಲದಲ್ಲಿ ಲಗಮಣ್ಣ ಊಟದ ಮೇಜಿನ ಮೇಲಿದ್ದ ಗಾಜಿನ ಬಟ್ಟಲಿನಿಂದ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದ. ಮತ್ತೂ ಅಗಿದ.

"ಯಾವ ಔಷಧಾ ಹೊಡದೀರಿ ಇದಕ? ತೊಗಲ ಭಾಳ ದಪ್ಪ ಐತಿ."

"ಅದು ಪ್ಲಾಸ್ಟಿಕ್ ರೀ ಕಾಕಾ."

"ಗೊತ್ತೈತಿ, ಗೊತ್ತೈತಿ. ನಿಮಗ ಗೊತ್ತೈತೋ ಇಲ್ಲೋ ನೋಡಿದೆ," ಎಂದ ಲಗಮಣ್ಣ. ಉಗುಳಿದರೆ ಮರ್ಯಾದೆ ಹೋಗುತ್ತದೆಂದು ಮಧ್ಯಾಹ್ನದ ತನಕ ಅದನ್ನು ದವಡೆಯಲ್ಲೇ ಇಟ್ಟುಕೊಂಡಿದ್ದ.

ದಶರಥನ ತಲೆ ಈಗ ಕಬ್ಬು ಅರೆಯುವ ಗಾಣವಾಗಿತ್ತು. ಲಗಮಣ್ಣ ಹೇಳುವಾಗ ಗೋಡೆ ಬೆಣ್ಣೆ ಎನ್ನಿಸುತ್ತಿತ್ತು. ವಿಕ್ರಾಂತ ಹೇಳುವಾಗ ಅದೇ ಗೋಡೆ ಕೋಟೆ ಎನ್ನಿಸುತ್ತಿತ್ತು. ಇಟ್ಟಂಗಿ ಹಗುರವಾದರೆ ಒಳ್ಳೆಯದೋ, ಭಾರವಾದರೆ ಒಳ್ಳೆಯದೋ? ನೆಲ ಹೊಳೆಯಬೇಕೋ, ಹೊಳೆಯಬಾರದೋ? ಗೋಡೆ ಭಾರ ಹೊರಬೇಕೋ, ಸುಮ್ಮನೆ ಅಡ್ಡ ನಿಂತರೆ ಸಾಕೋ? ಅವನು ಬಾಲ್ಕನಿಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ನಾನು ಗಾಳಿಗೆಂದು ಅಲ್ಲಿಯೇ ನಿಂತಿದ್ದೆ.

"ಏನೂ ತಿಳೀವಲ್ದು," ಎಂದ. "ಇಟ್ಟಂಗಿ ತೇಲತೈತಿ, ನೆಲಾ ಜಾರತೈತಿ, ಬಾಗಲಾ ಟೊಳ್ಳ ಐತಂತ."

"ಹಾಕಾಕ ಬರತೈತಿಲ್ಲೋ?"

"ಬರತೈತಿ."

"ಬರಸ್ರಿ ಮತ್ತ. ನಿಮಗೊಂದ ಮಾತ ಹೇಳ್ಲೇನು? ಇವತ್ತ ಓಣ್ಯಾಗ ಯಾರೂ ಇಲ್ಲ. ನಮ್ಮ ಗಡಿಯಾರ ಟಿಕ್ ಟಿಕ್ ಅಂತೈತಂತ ನನಗ ಇವತ್ತ ಗೊತ್ತಾತು. ಇದು ನನಗ ದಿನಾ ಬೇಕು. ಇಟ್ಟಂಗಿ ತೇಲಲಿ, ಹಾರಲಿ, ಬರಸ್ರಿ."

ದಶರಥ ಹುಟ್ಟಿದ ಮೇಲೆ ಮೊದಲ ಸಲ ಓಣಿಯವರು ಯಾರನ್ನೂ ಕೇಳದೆ ಕೆಳಗೆ ಹೋದ. ಆಫೀಸಿನಲ್ಲಿ ಹೆಸರು ಬರೆಸಿದ. ಹೆಸರು ಬರೆಸಿದವರಿಗೆಂದು ಇಟ್ಟಿದ್ದ ಪೇಢೆಯನ್ನು ವಿಕ್ರಾಂತ ಅವನ ಬಾಯಿಗಿಟ್ಟ. ಬಂದು ಗಾಡಿಯಲ್ಲಿ ಕೂತು, ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಬಾಗಿಲು ಹಾಕುವ ಸದ್ದು, ಆಮೇಲೆ ಗಡಿಯಾರದ ಸದ್ದು, ಎರಡೂ ಕೇಳಿಸುತ್ತಿದ್ದವೋ ಏನೋ, ಮುಗುಳ್ನಗುತ್ತಿದ್ದ.

ಬಹಳ ಹೊತ್ತಿನ ಮೇಲೆ ಓಣಿಯವರು ಒಬ್ಬೊಬ್ಬರಾಗಿ ಗಾಡಿ ಹತ್ತಿದರು. ಎಲ್ಲರ ಬಾಯಿಯೂ ಆಡುತ್ತಿತ್ತು. ದಶರಥ ಒಂದೊಂದೇ ಬಾಯಿ ನೋಡಿದ. ಪೇಢೆ. ಪೇಢೆ. ಪೇಢೆ. ನನ್ನ ಬಾಯಲ್ಲಿದ್ದದ್ದೊಂದೇ ಎಲೆ ಅಡಿಕೆ.

"ನೀವೂ ಬರಸಿದ್ರ್ಯಾ?" ಎಂದ, ಸತ್ತ ದನಿಯಲ್ಲಿ.

"ಮತ್ತ?" ಎಂದ ಲಗಮಣ್ಣ. "ನಿನ್ನ ಮಗ್ಗಲದ ಮನಿ ನಂದು. ತಲಿ ಮ್ಯಾಲ ಕಾಳವ್ವ. ಎದುರ ಬಾಳಾಸಾಬ. ಹೊಸಾ ಊರಾಗ ನಿನಗ ಬ್ಯಾಸರ ಆಗಬಾರದಲ್ಲ."

"ಇಟ್ಟಂಗಿ ತೇಲತೈತಿ ಅಂತ ನೀವ ಅಂದ್ರಿ ಕಾಕಾ!"

"ತೇಲತೈತಿ ಅಂತನ ಹಿಡದೆ! ನಾ ಏನ ಮುಳುಗೂ ಮನ್ಯಾಗ ಇರ್ಲೇನು?"

ಕಾಳವ್ವ ಕಾಲು ಮುಂದೆ ಚಾಚಿದಳು. "ನನ್ನ ಹಿಮ್ಮಡಿ ನೋಡೋ ತಮ್ಮಾ. ಮ್ಯಾಲ ಒಂದ ಇಟ್ಟಂಗಿ ತುಂಡ ಬಿದ್ದಿತ್ತು, ತಿಕ್ಕಿ ನೋಡಿದೆ. ಕೂಸಿನ ಗಲ್ಲ ಆಗೇತಿ! ಇನ್ನ ಇಡೀ ಮನಿನ ಆ ಕಲ್ಲಿಂದು!"

"ಅವೆಲ್ಲಾ ಬಿಡ್ರಿ," ಎಂದ ಬಾಳಾಸಾಬ. "ಓದಿದಾಂವ ಬರಸ್ಯಾನ. ಮತ್ತ ನಾವ್ಯಾಕ ತಲಿ ಕೆಡಿಸಿಗೋಬೇಕು?"

ಇದು ನಮ್ಮ ಕಡೆಯ ರೀತಿ. ಒಬ್ಬ ದ್ರಾಕ್ಷಿ ಹಚ್ಚಿದರೆ ಊರೆಲ್ಲ ದ್ರಾಕ್ಷಿ ಹಚ್ಚುತ್ತದೆ. ಅವನು ಕಿತ್ತರೆ ಯಾಕೆಂದು ಕೇಳದೆ ಊರೆಲ್ಲ ಕೀಳುತ್ತದೆ.

ದಶರಥ ಹುಣಸೆಹಣ್ಣು ಕಚ್ಚಿದವನಂತೆ ಕೂತಿದ್ದ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆಂದು ಗಾಡಿ ನಿಂತಾಗ ಅವನ ಮುಖ ಒಮ್ಮೆಲೇ ಅರಳಿತು. ಓಣಿಯೇ ಎದ್ದು ಇಲ್ಲಿಗೆ ಬರುತ್ತದೆ ಎಂದರೆ ಅಲ್ಲಿ ಉಳಿಯುವವರು ಯಾರು? ಬರಿ ಗಡಿಯಾರ! "ಕೊಡಿ ಮರತ ಬಂದೆ," ಎಂದು ಎದ್ದು ಓಡಿದ. ಮಳೆಯೂ ಇಲ್ಲ, ಕೊಡೆಯನ್ನೂ ಅವನು ತಂದಿರಲಿಲ್ಲ. ತಿರುಗಿ ಬಂದಾಗ ಕೈ ಖಾಲಿ, ಮುಖ ಮಾತ್ರ ದೀಪಾವಳಿ.

ರಾಯಬಾಗ ದಾಟುತ್ತಿದ್ದಂತೆ ಲಗಮಣ್ಣನ ಫೋನ್ ಬಡಿದುಕೊಂಡಿತು. ಅವನಿಗೆ ಕಿವಿ ಸ್ವಲ್ಪ ದೂರ, ಯಾವಾಗಲೂ ಸ್ಪೀಕರಿನಲ್ಲೇ ಮಾತು.

"ಕಾಕಾ, ನಾ ವಿಕ್ರಾಂತ ರೀ," ಎಂದು ಗಾಡಿಯ ತುಂಬ ಕೇಳಿಸಿತು. "ದಶರಥ ಸರ್ ತಿರುಗಿ ಬಂದು ಅವರ ಮನಿ ರದ್ದ ಮಾಡಿ ಹ್ವಾದ್ರು. ನೀವು ಗಟ್ಟಿ ಅದೀರಲ್ಲಾ?"

ಡ್ರೈವರ್ ಬ್ರೇಕ್ ಹಾಕಿದ. ಗಾಡಿಯಲ್ಲಿದ್ದ ಕಣ್ಣುಗಳೆಲ್ಲ ಹಿಂದಿನ ಸೀಟಿಗೆ ತಿರುಗಿದವು. ದಶರಥ ಕುಗ್ಗಿ ಕುಗ್ಗಿ ಅಂಗಿಯೊಂದೇ ಕೂತಂತೆ ಕಾಣುತ್ತಿದ್ದ.

"ಯಾಕ ಬಿಟ್ಟಿ?" ಎಂದ ಲಗಮಣ್ಣ.

ದಶರಥ ಬಾಯಿ ತೆರೆದ. ಮನೆ ಚೆನ್ನಾಗಿದೆ ಎಂದರೆ, ಮತ್ತೇಕೆ ಬಿಟ್ಟೆ ಎನ್ನುತ್ತಾರೆ. ಚೆನ್ನಾಗಿಲ್ಲ ಎಂದರೆ, ಇವರೂ ಬಿಡುತ್ತಾರೆ. ನಿಮ್ಮಿಂದ ತಪ್ಪಿಸಿಕೊಳ್ಳಲು ಎಂದರೆ, ಇಲ್ಲೇ ಇಳಿಸಿ ಹೋಗುತ್ತಾರೆ. ತೆರೆದ ಬಾಯನ್ನು ಹಾಗೆಯೇ ಮುಚ್ಚಿದ.

"ಹೇಳವಲ್ಲ ನೋಡ್ರಿ," ಎಂದು ಕಾಳವ್ವ ಹೆದರಿದಳು. "ಬಾಯಿಲೆ ಹೇಳಲಾರದಂಥಾದ್ದೇನೋ ಕಂಡಾನ!"

"ಛಲೋ ಐತ್ರಿ, ಭಾಳ ಛಲೋ ಐತ್ರಿ!" ಎಂದು ದಶರಥ ಕೂಗಿದ. "ಗ್ವಾಡಿ ಛಲೋ ಐತಿ, ನೆಲಾ ಛಲೋ ಐತಿ, ನೀವು ಹೋಗ್ರಿ, ನಮ್ಮ ಚಿಂತಿ ಬಿಡ್ರಿ!"

"ಕೇಳ್ರಿ," ಎಂದ ಬಾಳಾಸಾಬ. "ತಾ ಉಣ್ಣಲಾರದ್ದನ್ನ ಮಂದಿಗಿ ಛಲೋ ಐತಿ ಅಂತಾನ. ಏನೋ ಘೋಟಾಳೆ ಐತಿ."

ಲಗಮಣ್ಣ ಫೋನನ್ನು ಬಾಯಿಗೆ ಹಿಡಿದ. "ವಿಕ್ರಾಂತಾ, ನಂದೂ ರದ್ದ ಮಾಡು. ಕಾಳವ್ವಂದೂ. ಬಾಳಾಸಾಬಂದೂ. ಉಳಿದವ್ರದೂ. ಮಾಡಿದ ಮ್ಯಾಲ ತಿರುಗಿ ಹೇಳು."

ಉಗಾರ ಮುಟ್ಟುವ ತನಕ ಎಲ್ಲರೂ ದಶರಥನ ಬೆನ್ನು ತಟ್ಟಿದರು. "ಉಳಿಸಿದ್ಯೋ ತಮ್ಮಾ, ನಾವು ಓಣಿ ಬಿಟ್ಟು ಎಲ್ಲೂ ಹೋಗೂದಿಲ್ಲ," ಎಂದು ಕಾಳವ್ವ ಅವನ ಹಣೆಗೆ ನೆಟಿಗೆ ಮುರಿದಳು. ಒಂದೊಂದು ತಟ್ಟಿಗೂ ಅವನು ಒಂದೊಂದು ಬೆರಳು ಕುಳ್ಳಗಾಗುತ್ತಿದ್ದ. ಮನೆಯಲ್ಲಿ ದ್ರೌಪದಿ ಐಗಳಿಗೆ ಹೋಗಲು ಗಂಟು ಕಟ್ಟಿಟ್ಟಿರುತ್ತಾಳೆ ಎಂದೇ ಅವನ ಲೆಕ್ಕ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ದ್ರೌಪದಿ ಅವನನ್ನು ಒಳಗೆ ಎಳೆದುಕೊಂಡು ದಡಕ್ಕನೆ ಬಾಗಿಲು ಹಾಕಿದಳು. ಆ ಹೊತ್ತಿನಲ್ಲಿ ಲಕ್ಷ್ಮಿ ಬರುತ್ತಾಳೆಂದು ನಮ್ಮ ಕಡೆ ಸತ್ತವರ ಮನೆಯವರೂ ಬಾಗಿಲು ತೆರೆದಿಡುತ್ತಾರೆ. ಏನು ಅನಾಹುತವಾಯಿತೋ ಎಂದು ಓಣಿಗೆ ಓಣಿಯೇ ಆ ಬಾಗಿಲಿಗೆ ಬಂದು ಕಿವಿಯಿಟ್ಟಿತು. ನನಗೆ ಜಾಗ ಮುಂದೆಯೇ ಸಿಕ್ಕಿತ್ತು, ಅದಕ್ಕೇ ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದೇನೆ.

"ರದ್ದ ಮಾಡಿ ಬಂದೆ," ಎಂದು ದಶರಥ ಅಳುವ ದನಿಯಲ್ಲಿ ಅಂದ.

"ಗೊತ್ತೈತಿ. ಆ ಹುಡುಗ ಈಗ ಫೋನ್ ಮಾಡಿದ್ದ, ಪಾಪ, ಅಳಾಕತ್ತಿದ್ದ. ನಿಮ್ಮ ಓಣ್ಯಾವ್ರು ಒಬ್ಬರೂ ಉಳೀಲಿಲ್ಲ ವೈನಿ, ಎಲ್ಲಾರೂ ಬಿಟ್ಟು ಹ್ವಾದ್ರು ಅಂದ."

"ಮತ್ತ ನೀ ಏನಂದಿ?"

"ನಮ್ಮವ್ರು ಬಿಟ್ಟ ಮನೀನ ನನ್ನ ಹೆಸರಿಗಿ ಬರಿಯಪ್ಪಾ ಅಂದೆ." ದ್ರೌಪದಿ ನಕ್ಕಳು. "ಇನ್ನ ಅಲ್ಲಿ ನಾವಿಬ್ಬರ. ಮಗ್ಗಲಾಗ ಯಾರೂ ಇಲ್ಲ, ತಲಿ ಮ್ಯಾಲ ಯಾರೂ ಇಲ್ಲ. ಸಾವಕಾಶ ಮಾತಾಡ್ರಿ, ಯಾರರ ಕೇಳ್ಯಾರು."

ಒಳಗೆ ಗಂಡ ಹೆಂಡತಿ ಬಾಯಿ ಒತ್ತಿ ಹಿಡಿದು ನಗುವುದು ಕೇಳಿಸಿತು.

ಹೊರಗೆ ಕಾಳವ್ವ ಕೇಳಿದ್ದನ್ನೆಲ್ಲ ಲಗಮಣ್ಣನ ಕಿವಿಯಲ್ಲಿ ಊದಿದಳು. ಲಗಮಣ್ಣ ಮೀಸೆ ಸವರಿದ.

"ತಾ ಬಿಟ್ಟಂಗ ಮಾಡಿ ಹೇಣ್ತಿ ಹೆಸರಿಗಿ ಹಿಡದಾನ," ಎಂದು ಪಿಸುಗುಟ್ಟಿದ. "ಓದಿದಾಂವ! ಆ ಮನ್ಯಾಗ ಏನೋ ಭಾರೀ ಹಿಕಮತ್ತ ಐತಿ ನೋಡ್ರಿ."

ಬಾಳಾಸಾಬ ಬೆಳಿಗ್ಗೆ ಮಾಡಿದ ಹಾಗೆಯೇ ಕಿಸೆಯಿಂದ ಫೋನ್ ತೆಗೆದ. ಯಾರಿಗೆ ಮಾಡಿದ, ನಾಳೆ ಬೆಳಿಗ್ಗೆಗೆ ಏನು ಗೊತ್ತುಮಾಡಿದ, ಅದನ್ನೂ ನಾನೇ ಹೇಳಬೇಕೇ? ಇಷ್ಟು ಹೊತ್ತು ಕೂತು ಕೇಳಿದ್ದೀರಿ. ಎಲ್ಲಿ, ನೀವೇ ಹೇಳಿ ನೋಡೋಣ.